ಹುಬ್ಬಳ್ಳಿಯ ಹಲ್ಲಿನ ಸ್ಕ್ಯಾನ್ ಸೆಂಟರ್: ಫೋಟೊ ಚಲೋ, ಫೈಲ್ ಕೊಡೋದರಲ್ಲಿ ಮಾತ್ರ ಕಿರಿಕಿರಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹಲ್ಲು ಕೀಳುವುದಿಲ್ಲ, ಗುಳಿಗೆ ಬರೆದುಕೊಡುವುದೂ ಇಲ್ಲ. ಹಲ್ಲಿನ ಎಕ್ಸ್‌ರೇ, ಓಪಿಜಿ (ಎರಡೂ ದವಡೆ ಒಂದೇ ಫೋಟೊದಲ್ಲಿ ಬರುವ ಎಕ್ಸ್‌ರೇ), ಸಿಬಿಸಿಟಿ (ಹಲ್ಲು, ದವಡೆಯ ತ್ರೀಡಿ ಸ್ಕ್ಯಾನ್) ಇಷ್ಟೇ ಇವರ ಕೆಲಸ. ನಿಮ್ಮ ಡಾಕ್ಟರ್ ಚೀಟಿ ಕೊಡುತ್ತಾರೆ, ಇವರು ಫೋಟೊ ತೆಗೆದು ರಿಪೋರ್ಟ್ ಕೊಡುತ್ತಾರೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಇಳಿದು ನಡೆದೇ ಹೋಗಬಹುದು. ನಮ್ಮ ಮನೆಯ ಮೂವರು ಇಲ್ಲಿ ಹೋಗಿಬಂದಿದ್ದಾರೆ: ಅವ್ವ, ತಮ್ಮ, ನನ್ನ ಮಗ. ಮೂವರದ್ದೂ ಬೇರೆ ಬೇರೆ ತೊಂದರೆ, ತೆಗೆಸಿದ್ದೂ ಬೇರೆ ಬೇರೆ ಫೋಟೊ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅವ್ವನದ್ದು ದೊಡ್ಡ ಕತೆ. ಅವಳು ಗದಗದಲ್ಲಿರುತ್ತಾಳೆ. ಮೇಲಿನ ಸಾಲಿನ ಬಲಗಡೆ ದವಡೆ ಹಲ್ಲಿಗೆ ಹಿಂದೆ ಯಾವಾಗಲೋ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದಳು. ಆಮೇಲೂ ಕಡಕ್ ರೊಟ್ಟಿ ಕಚ್ಚಿದರೆ ಆ ಹಲ್ಲು ಝುಂ ಅನ್ನುತ್ತಿತ್ತು. ಜೊತೆಗೆ ಬಲಗಡೆ ಮೂಗು ಮಾತ್ರ ಕಟ್ಟುವುದು, ಕೆಟ್ಟ ವಾಸನೆ ಬರುವುದು. ಸೈನಸ್ ಅಂತ ಗುಳಿಗೆ ನುಂಗಿದ್ದೇ ನುಂಗಿದ್ದು. ಹಲ್ಲಿಗೂ ಮೂಗಿಗೂ ಸಂಬಂಧ ಇರಬಹುದು ಅಂತ ಯಾರಿಗೆ ಹೊಳೆಯುತ್ತೆ ಹೇಳಿ? ಗದಗದ ಹಲ್ಲಿನ ಡಾಕ್ಟರ್ ಬಾಯೊಳಗೆ ಸಣ್ಣ ಸೆನ್ಸರ್ ಇಟ್ಟು ತೆಗೆಯುವ ಎಕ್ಸ್‌ರೇ ತೆಗೆದರು, ಆರ್‌ವಿಜಿ ಅನ್ನುತ್ತಾರಲ್ಲ, ಅದು. ಅದರಲ್ಲಿ ಏನೂ ಸ್ಪಷ್ಟ ಕಾಣಲಿಲ್ಲ. ಅವರ ಸೆನ್ಸರಿನ ದೋಷ ಅಲ್ಲ ಅದು. ಮೇಲಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಅದರ ಹಿಂದೆ ಕೆನ್ನೆಯ ಮೂಳೆ, ಮೇಲೆ ಸೈನಸ್ಸಿನ, ಅಂದರೆ ಮೂಗಿಗೆ ಸೇರಿದ ಗಾಳಿ ಗೂಡಿನ ತಳ. ಸಾದಾ ಎಕ್ಸ್‌ರೇಯಲ್ಲಿ ಇವೆಲ್ಲ ಒಂದರ ಮೇಲೊಂದು ಬಿದ್ದುಬಿಡುತ್ತವೆ. ಸಾಲದ್ದಕ್ಕೆ ಬೇರಿನ ತುದಿಯ ಮೂಳೆ ಸಾಕಷ್ಟು ಕರಗುವ ತನಕ ಇಂಥ ಎಕ್ಸ್‌ರೇಯಲ್ಲಿ ಕಪ್ಪು ಮಚ್ಚೆ ಮೂಡುವುದೇ ಇಲ್ಲ. ನೋವು ಇರುತ್ತದೆ, ಫೋಟೊ ಮಾತ್ರ ಚೊಕ್ಕ ಇರುತ್ತದೆ.

ನಡುವೆ ಬೇರೆ ಒಂದು ಕಡೆ, ಹೆಸರು ಬೇಡ, ಓಪಿಜಿ ತೆಗೆಸಿದ್ದೆವು. ಅಲ್ಲಿ ಗದ್ದಲವೋ ಗದ್ದಲ. ಅವ್ವನನ್ನು ಮಶೀನಿನ ಮುಂದೆ ನಿಲ್ಲಿಸಿ ಎರಡೇ ನಿಮಿಷದಲ್ಲಿ ಮುಗಿಸಿ ಕಳಿಸಿದರು. ಕಿವಿಯಲ್ಲಿದ್ದ ಬೆಂಡೋಲೆ ತೆಗೀರಿ ಅಂತ ಒಬ್ಬರೂ ಹೇಳಲಿಲ್ಲ. ಆ ಫಿಲ್ಮ್ ನೋಡಿದರೆ ನೋಯುವ ಹಲ್ಲಿನ ಬೇರಿನ ಮೇಲೆಯೇ ಬೆಳ್ಳಗೆ ಮಬ್ಬಾಗಿ ಒಂದು ಗುಂಡನೆ ಕಲೆ. ನಾವು ಗಾಬರಿ. ಗದಗದ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನಕ್ಕುಬಿಟ್ಟರು. "ಗಾಬರಿ ಆಗಬ್ಯಾಡ್ರಿ, ಇದು ನಿಮ್ಮ ಅವ್ವನ ಎಡಗಿವಿ ಬೆಂಡೋಲಿ" ಅಂದರು. ಎಡಗಿವಿಯದ್ದು ಬಲಗಡೆ ಹೇಗೆ ಬಂತು ಅಂದರೆ, ಓಪಿಜಿ ಮಶೀನ್ ತಲೆಯ ಸುತ್ತ ತಿರುಗುತ್ತಾ ಫೋಟೊ ತೆಗೆಯುತ್ತದೆ. ಕಿರಣ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಹಾಗಾಗಿ ಒಂದು ಕಡೆ ಲೋಹ ಇದ್ದರೆ ಅದರ ನೆರಳು ಇನ್ನೊಂದು ಕಡೆ, ಇದ್ದದ್ದಕ್ಕಿಂತ ಮೇಲೆ, ಮಬ್ಬಾಗಿ ಬೀಳುತ್ತದೆ. ಗೋಸ್ಟ್ ಇಮೇಜ್ ಅನ್ನುತ್ತಾರಂತೆ. ದುಡ್ಡು ಕೊಟ್ಟು ಬೆಂಡೋಲೆಯ ದೆವ್ವದ ಫೋಟೊ ತೆಗೆಸಿಕೊಂಡು ಬಂದಂತಾಯಿತು.

ಆಮೇಲೆ ಗದಗದ ಡಾಕ್ಟರ್ ಈ ಸೆಂಟರಿಗೆ ಚೀಟಿ ಬರೆದರು. ಆ ಚೀಟಿಯ ಬಗ್ಗೆ ಹೇಳಲೇಬೇಕು. ಸುಮ್ನೆ 'ಸಿಬಿಸಿಟಿ' ಅಂತ ಗೀಚಿರಲಿಲ್ಲ. ಯಾವ ಹಲ್ಲು, ಮೊದಲು ಏನು ಮಾಡಿಸಿದ್ದಾರೆ, ಯಾವುದಾದರೂ ಕೆನಾಲ್ (ಬೇರಿನೊಳಗಿನ ಸಣ್ಣ ಕೊಳವೆ) ಬಿಟ್ಟುಹೋಗಿದೆಯಾ ನೋಡಿ, ಸೈನಸ್ ತಳ ಹೇಗಿದೆ ನೋಡಿ, ಸಣ್ಣ ಫೀಲ್ಡ್ (ಸ್ಕ್ಯಾನ್ ಮಾಡುವ ಜಾಗ) ಸಾಕು, ಅಂತ ಬರೆದಿದ್ದರು. ಇಲ್ಲಿಯ ಕೌಂಟರಿನ ಹುಡುಗ ಅದನ್ನು ಪೂರ್ತಿ ಓದಿ, ಒಳಗಿನ ಟೆಕ್ನಿಷಿಯನ್‌ಗೂ ಓದಿ ಹೇಳಿದ. ನನಗೆ ಸೆಂಟರ್ ಹಿಡಿಸಿದ್ದು ಅಲ್ಲೇ.

ಟೆಕ್ನಿಷಿಯನ್ ಒಬ್ಬ ಹುಡುಗಿ, ಮಾತು ಮೆತ್ತಗೆ, ಆದರೆ ಬಿಡುವವಳಲ್ಲ. "ಅಮ್ಮಾರ, ಕಿವ್ಯಾಗಿಂದು ಮೂಗಿನ್ಯಾಗಿಂದು ಎಲ್ಲಾ ತೆಗೀಬೇಕ್ರಿ" ಅಂದಳು. ಅವ್ವ ತಕರಾರು ತೆಗೆದಳು. "ಮದುವ್ಯಾಗ ಹಾಕಿದ್ದು ಯವ್ವಾ, ತಿರುಪು ಬರಂಗಿಲ್ಲ ಅದು." "ಬರ್ತದ್ರಿ, ತಡೀರಿ" ಅಂತ ಹುಡುಗಿ ಡ್ರಾವರಿನಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತೆಗೆದಳು. ನೋಡಿ, ಎಕ್ಸ್‌ರೇ ರೂಮಿನ ಡ್ರಾವರಿನಲ್ಲಿ ಕೊಬ್ಬರಿ ಎಣ್ಣೆ! ದಿನಾ ಎಷ್ಟು ಅಮ್ಮಂದಿರ ಬೆಂಡೋಲೆ ಬಿಚ್ಚುತ್ತಾಳೋ. ಹತ್ತಿಗೆ ಒಂದು ಹನಿ ಹಾಕಿ ತಿರುಪಿಗೆ ಸವರಿದಳು, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ತಿರುಗಿಸಿದಳು, ಬಂತು. ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವ್ವನ ಕಣ್ಣೆದುರೇ ಮೇಜಿನ ಮೇಲೆ ಇಟ್ಟಳು. ಕಟ್ಟಿಸಿದ ಹಲ್ಲಿನ ಸೆಟ್ ಇದೆಯಾ ಅಂತಲೂ ಕೇಳಿದಳು. ತಾಳಿಗೆ ಮಾತ್ರ ಕೈ ಹಚ್ಚಲಿಲ್ಲ. "ಮ್ಯಾಲಿನ ಹಲ್ಲಲ್ರಿ, ತಾಳಿ ಸರ ಕೆಳಗ ಸರಿಸ್ರಿ, ಸಾಕು" ಅಂದಳು. ಎದುರಿನ ಮನುಷ್ಯ ಯಾರು ಅಂತ ತಿಳಿದು ಕೆಲಸ ಮಾಡುವುದು ಅಂದರೆ ಇದೇ ತಾನೆ.

ಕುರ್ಚಿ ಮೇಲೆ ಕೂರಿಸಿ, ಗದ್ದ ಒಂದು ಬಟ್ಟಲಿನಂಥದರ ಮೇಲೆ ಇಡಿಸಿ, ತಲೆಗೆ ಪಟ್ಟಿ ಕಟ್ಟಿದಳು. "ಉಗುಳು ನುಂಗಬ್ಯಾಡ್ರಿ, ಅಲುಗಾಡಬ್ಯಾಡ್ರಿ" ಅಂತ ಹೇಳಿ ಸೀಸದ ಗಾಜಿನ ಹಿಂದೆ ಹೋದಳು. ನನ್ನನ್ನು ಹೊರಗೆ ಕಳಿಸಿದಳು, ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಮಶೀನಿನ ತೋಳು ತಲೆಯ ಸುತ್ತ ಒಂದು ಸುತ್ತು ಹಾಕಿತು, ಮುಗೀತು. ಸೆಕೆಂಡುಗಳ ಲೆಕ್ಕ. ಆದರೂ ಅವ್ವ ಹೊರಗೆ ಬಂದು "ಎಷ್ಟೊತ್ತು ಕುಂದ್ರಸ್ತಾರ ನೋಡು" ಅಂತ ಗೊಣಗಿದಳು. ಹಿಂದಿನವರ ಪಾಡು ಕೇಳಿ: ವಿಜ್ಞಾನಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷ ಜನವರಿಯಲ್ಲೇ ಜರ್ಮನಿಯ ಒಟ್ಟೊ ವಾಲ್ಕಾಫ್ ಎಂಬ ದಂತವೈದ್ಯ ತನ್ನ ಹಲ್ಲಿನ ಎಕ್ಸ್‌ರೇ ತಾನೇ ತೆಗೆದುಕೊಂಡ. ಗಾಜಿನ ಪ್ಲೇಟನ್ನು ಬಾಯಲ್ಲಿಟ್ಟುಕೊಂಡು ಅಲುಗದೆ ಇರಬೇಕಾದದ್ದು 25 ನಿಮಿಷ. ಅವ್ವನಿಗೆ ಇದನ್ನು ಹೇಳಿದೆ. "ಅವಂಗ ಬ್ಯಾರೆ ಕೆಲಸ ಇರಲಿಲ್ಲೇನು" ಅಂದಳು.

ಈಗ ಅಸಲು ವಿಷಯ, ಅಂದರೆ ಆ ಸ್ಕ್ಯಾನಿನಿಂದ ಏನು ಉಪಯೋಗ ಆಯಿತು ಅನ್ನುವುದು. ಗದಗದ ಡಾಕ್ಟರ್ ಫೈಲನ್ನು ಕಂಪ್ಯೂಟರಿಗೆ ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಈರುಳ್ಳಿ ಹೆಚ್ಚಿದ ಹಾಗೆ ಹಲ್ಲನ್ನು ಬಿಲ್ಲೆ ಬಿಲ್ಲೆಯಾಗಿ ನೋಡಬಹುದು, ಅಡ್ಡಕ್ಕೂ ಉದ್ದಕ್ಕೂ. ಮೌಸ್ ಉರುಳಿಸುತ್ತಾ ಹೋದರೆ ಬೇರು ಮೇಲಕ್ಕೆ ಹೋದಂತೆ ಮೂರು ಬಿಳಿ ಚುಕ್ಕೆ ಕಾಣುತ್ತವೆ. ಅವು ಮೊದಲು ತುಂಬಿಸಿದ ಕೆನಾಲ್‌ಗಳು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಬಿಳಿ ಚುಕ್ಕೆಯ ಪಕ್ಕಕ್ಕೆ, ಸೂಜಿ ಚುಚ್ಚಿದಷ್ಟು ಸಣ್ಣಗೆ, ಒಂದು ಕಪ್ಪು ಚುಕ್ಕೆ. ಅದು ನಾಲ್ಕನೆಯ ಕೆನಾಲ್. ತುಂಬಿಸದೆ ಹಾಗೇ ಬಿಟ್ಟದ್ದು. ಈ ಹಲ್ಲಿನಲ್ಲಿ ಬಹಳ ಜನರಿಗೆ ಆ ನಾಲ್ಕನೆಯದು ಇರುತ್ತದಂತೆ, ಹುಡುಕುವುದು ಕಷ್ಟ ಅಷ್ಟೇ. ಇನ್ನೂ ಮೇಲಕ್ಕೆ ಉರುಳಿಸಿದರೆ ಆ ಬೇರಿನ ತುದಿಯ ಸುತ್ತ ಮೂಳೆ ಕರಗಿದ ಕಪ್ಪು. ಅದರ ಮೇಲೆ ಸೈನಸ್ಸಿನ ಒಳಪೊರೆ ಬಲಗಡೆ ದಪ್ಪಗೆ ಊದಿಕೊಂಡಿತ್ತು. ಮೂಗಿನ ವಾಸನೆ ಎಲ್ಲಿಂದ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ಕ್ಯಾಪ್ ತೆಗೆದು, ಹಳೆಯದನ್ನೆಲ್ಲ ಬಿಡಿಸಿ, ನಾಲ್ಕೂ ಕೆನಾಲ್ ತೊಳೆದು ಮತ್ತೆ ತುಂಬಿಸಿದರು. ಮೂಗಿನ ಡಾಕ್ಟರಿಗೂ ರಿಪೋರ್ಟ್ ತೋರಿಸಿದೆವು, ಅವರೂ ಮೊದಲು ಹಲ್ಲು ಸರಿ ಆಗಲಿ ಅಂದರು. ಕೆಲವು ವಾರಗಳಲ್ಲಿ ಮೂಗು ಬಿಟ್ಟಿತು. ಈಗ ರೊಟ್ಟಿಯನ್ನು ಬಲಗಡೆಯೇ ಅಗಿಯುತ್ತಾಳೆ. ಒಂದು ಮಾತು ಸೇರಿಸಬೇಕು: ಸ್ಕ್ಯಾನಿನಲ್ಲಿ ಎಲ್ಲ ಪದರವೂ ಚೊಕ್ಕವಾಗಿರಲಿಲ್ಲ. ಕ್ಯಾಪಿನ ಲೋಹದಿಂದ ಗೆರೆ ಗೆರೆ ಬಿದ್ದಿದ್ದವು, ಕ್ಯಾಪಿನ ಕೆಳಗೆ ಹುಳುಕು ಇದೆಯಾ ಅಂತ ಅದರಲ್ಲಿ ನೋಡಲು ಆಗುತ್ತಿರಲಿಲ್ಲ. ಬೇರಿನ ಸೀಳು ಇದ್ದರೂ ಇಂಥ ಗೆರೆಗಳ ನಡುವೆ ಸಿಗುವುದು ಕಷ್ಟ ಅಂತ ಡಾಕ್ಟರೇ ಹೇಳಿದರು. ತ್ರೀಡಿ ಅಂದರೆ ಎಲ್ಲವೂ ಕಾಣುತ್ತೆ ಅಂತ ತಿಳಿದುಕೊಂಡು ಹೋಗಬೇಡಿ.

ತಮ್ಮನದ್ದು ಕೆಳಗಿನ ಬುದ್ಧಿ ಹಲ್ಲು. ಹಾವೇರಿಯಲ್ಲಿ ಅಂಗಡಿ ಇಟ್ಟಿದ್ದಾನೆ, ಕೆನ್ನೆ ಬಾತರೂ ಕಡ್ಡಿ ಹಾಕಿ ಲವಂಗ ಎಣ್ಣೆ ಹಚ್ಚಿಕೊಂಡು ದಿನ ದೂಡುವ ಮನುಷ್ಯ. ಕಡೆಗೂ ಇಲ್ಲಿಗೆ ಬಂದು ಓಪಿಜಿ ತೆಗೆಸಿದ. ಹಲ್ಲು ಅಡ್ಡ ಮಲಗಿತ್ತು. ಕೆಳದವಡೆಯೊಳಗೆ ತುಟಿಗೆ, ಗದ್ದಕ್ಕೆ ಹೋಗುವ ನರದ ಕಾಲುವೆ ಇರುತ್ತದೆ, ಓಪಿಜಿಯಲ್ಲಿ ಅದು ಎರಡು ಬಿಳಿ ಗೆರೆಯಾಗಿ ಕಾಣುತ್ತದೆ. ಇವನ ಹಲ್ಲಿನ ಬೇರು ಅದರ ಮೇಲೆ ಬಿದ್ದ ಕಡೆ ಬಿಳಿ ಗೆರೆ ಮಾಯ, ಬೇರು ಕಪ್ಪಾಗಿತ್ತು. ಹೀಗಿದ್ದರೆ ಬೇರು ನರಕ್ಕೆ ತಾಗಿರುವ ಸಾಧ್ಯತೆ ಜಾಸ್ತಿ. ಕೀಳುವಾಗ ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿದುಬಿಡಬಹುದು, ಕೆಲವರಿಗೆ ಕಾಯಂ. ಸರ್ಜನ್ ಸಿಬಿಸಿಟಿ ಕೇಳಿದರು. ಅದರಲ್ಲಿ ಕಾಲುವೆ ಬೇರಿನ ನಾಲಿಗೆ ಕಡೆ ಇದೆ, ನಡುವೆ ಮೂಳೆಯೇ ಇಲ್ಲ ಅಂತ ತಿಳಿಯಿತು. ಅದನ್ನು ನೋಡಿಕೊಂಡು ಹಲ್ಲನ್ನು ತುಂಡು ತುಂಡು ಮಾಡಿ, ಬೇರುಗಳನ್ನು ಬೇರೆ ಬೇರೆ ಬಿಡಿಸಿ, ನರದ ಕಡೆಗೆ ಒತ್ತಡ ಬೀಳದ ಹಾಗೆ ತೆಗೆದರು. ತುಟಿ ಸರಿ ಇದೆ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳ ಆಡುವಷ್ಟು ಸರಿ ಇದೆ.

ಬುದ್ಧಿ ಹಲ್ಲು ಕೀಳಿಸುವವರೆಲ್ಲ ಸಿಬಿಸಿಟಿ ಮಾಡಿಸಬೇಕು ಅಂತ ಇಲ್ಲ. ಓಪಿಜಿಯಲ್ಲಿ ಬೇರು ಕಾಲುವೆಯಿಂದ ದೂರ ಇದ್ದರೆ ಅಷ್ಟೇ ಸಾಕು. ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು ಹಾಕಿಸುವವರ ಲೆಕ್ಕ ಬೇರೆ. ಓಪಿಜಿ ಎಲ್ಲವನ್ನೂ ಶೇಕಡಾ 20-30ರಷ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮೂಳೆಯ ಎತ್ತರ ತೋರಿಸಿದರೂ ಅಗಲ ತೋರಿಸುವುದೇ ಇಲ್ಲ. ಸ್ಕ್ರೂ ಕೂರಿಸಬೇಕಾದದ್ದು ಆ ಅಗಲದಲ್ಲಿ ತಾನೆ?

ಮಗನದ್ದು ಸಣ್ಣ ಕತೆ. ಹಲ್ಲಿಗೆ ತಂತಿ ಹಾಕಿಸುವ ಮುಂಚೆ ಒಂದು ಓಪಿಜಿ, ಒಂದು ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ. ಎರಡನೆಯದಕ್ಕೆ ಎರಡೂ ಕಿವಿಯೊಳಗೆ ಪ್ಲಾಸ್ಟಿಕ್ ಕಡ್ಡಿ ಇಟ್ಟು ತಲೆ ಹಿಡಿಯುತ್ತಾರೆ, ಅವನಿಗೆ ಕಚಗುಳಿ, ನಗು ತಡೆಯಲಾಗದೆ ಅಲುಗಾಡಿದ. ಫೋಟೊ ಹಾಳು. ಮತ್ತೆ ತೆಗೆದರು, ಎರಡನೆಯ ಸಲಕ್ಕೆ ದುಡ್ಡು ಕೇಳಲಿಲ್ಲ. ಓಪಿಜಿ ತೆಗೆಯುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿ ಅಂತ ಎರಡೆರಡು ಸಲ ಹೇಳಿದರು. ನಾಲಿಗೆ ಕೆಳಗೆ ಬಿಟ್ಟರೆ ಮಧ್ಯದ ಗಾಳಿ ಮೇಲಿನ ಹಲ್ಲಿನ ಬೇರುಗಳ ಮೇಲೆ ಕಪ್ಪು ಪಟ್ಟಿ ಎಳೆದುಬಿಡುತ್ತದೆ. ಬೇರೆ ಕಡೆ ಇದನ್ನು ಹೇಳಿದ್ದು ನಾನು ಕೇಳಿಲ್ಲ.

ಮಕ್ಕಳಿಗೆ ತೆಗೆಸುವಾಗ ಎಲ್ಲರಿಗೂ ರೇಡಿಯೇಷನ್ ಭಯ ಇರುತ್ತದೆ, ನನಗೂ ಇತ್ತು. ಲೆಕ್ಕ ಹೀಗಿದೆ, ರೇಡಿಯೇಷನ್ ಅಳೆಯುವುದು ಸೀವರ್ಟ್ ಅನ್ನುವ ಮಾನದಲ್ಲಿ. ಮಣ್ಣು, ಗಾಳಿ, ಊಟ, ಆಕಾಶ ಇವುಗಳಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2400 ಮೈಕ್ರೊಸೀವರ್ಟ್ ತಾಗುತ್ತದೆ. ಬಾಯೊಳಗೆ ತೆಗೆಯುವ ಒಂದು ಸಣ್ಣ ಎಕ್ಸ್‌ರೇ 10 ಮೈಕ್ರೊಸೀವರ್ಟ್ ಒಳಗೆ, ಹೆಚ್ಚೆಂದರೆ ಒಂದೂವರೆ ದಿನದ ಪಾಲು. ಓಪಿಜಿ ಸುಮಾರು 10ರಿಂದ 25, ಕೆಲವು ದಿನಗಳದ್ದು. ಸಿಬಿಸಿಟಿ ಹತ್ತಾರರಿಂದ ನೂರಾರು ಮೈಕ್ರೊಸೀವರ್ಟ್ ತನಕ ಹೋಗುತ್ತದೆ. ಅದು ನಿಂತಿರುವುದು ಎಷ್ಟು ಜಾಗ ತೆಗೆಯುತ್ತಾರೆ, ಎಷ್ಟು ಸೂಕ್ಷ್ಮಕ್ಕೆ ಇಡುತ್ತಾರೆ ಅನ್ನುವುದರ ಮೇಲೆ. ಆಸ್ಪತ್ರೆಯಲ್ಲಿ ಮಾಡುವ ತಲೆಯ ಸಿಟಿ 2000ದ ಆಸುಪಾಸು. ಹೆದರಿ ಬೇಕಾದ ಎಕ್ಸ್‌ರೇ ಬಿಡುವಂಥದ್ದು ಏನೂ ಇಲ್ಲ, ಆದರೆ ಒಂದು ಹಲ್ಲಿಗಾಗಿ ಇಡೀ ಮುಖ ತೆಗೆಸುವುದೂ ಬೇಕಿಲ್ಲ. ಸಣ್ಣ ಫೀಲ್ಡ್‌ನಲ್ಲಿ, ಸುಮಾರು 5 ಸೆಂಟಿಮೀಟರ್ ಅಗಲ ಎತ್ತರ, ಡೋಸ್ ಕಡಿಮೆ, ಚಿತ್ರ ಇನ್ನೂ ಸೂಕ್ಷ್ಮ. ಈ ಸೆಂಟರಿನವರು ಚೀಟಿಯಲ್ಲಿ ಬರೆದ ಅಳತೆಯನ್ನೇ ತೆಗೆದರು. ಬೇರೆ ಒಂದು ಕಡೆ ಫೋನ್ ಮಾಡಿ ಕೇಳಿದಾಗ 'ಫುಲ್ಲೇ ತೆಗೆಸಿಬಿಡಿ, ಎಲ್ಲಾ ಬರುತ್ತೆ' ಅಂತ ಸಂತೆಯಲ್ಲಿ ತರಕಾರಿ ಮಾರುವ ಧಾಟಿಯಲ್ಲಿ ಹೇಳಿದ್ದರು.

ಗೋಡೆಯ ಮೇಲೆ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪತ್ರ ಫ್ರೇಮ್ ಹಾಕಿಸಿ ನೇತುಹಾಕಿದ್ದಾರೆ. ಎಕ್ಸ್‌ರೇ ಮಶೀನ್ ಇಡುವವರಿಗೆ ಅದು ಬೇಕೇಬೇಕು. ಗರ್ಭಿಣಿಯರು ಮೊದಲೇ ತಿಳಿಸಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಮಗನಿಗೆ ಸೀಸದ ಏಪ್ರನ್ ಹಾಕಿದರು. ಅಮೆರಿಕದ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಈಗಿನ ಡಿಜಿಟಲ್ ಮಶೀನುಗಳಿಗೆ ಏಪ್ರನ್, ಕುತ್ತಿಗೆ ಪಟ್ಟಿ ಬೇಕಿಲ್ಲ ಅಂದಿದೆ. ಆದರೂ ಹಾಕಿದರೆ ತಾಯಿಯಾದವಳಿಗೆ ಸಮಾಧಾನ, ನಾನು ಬೇಡ ಅನ್ನಲಿಲ್ಲ.

ಇನ್ನೊಂದು ಮೆಚ್ಚಿದ್ದು. ನಾವು ಕೂತಿದ್ದಾಗ ಶಿಗ್ಗಾಂವಿ ಕಡೆಯ ಗಂಡ ಹೆಂಡತಿ ಬಂದರು. ಡಾಕ್ಟರ್ ಚೀಟಿ ಬಸ್ಸಿನಲ್ಲೇ ಬಿಟ್ಟಿದ್ದರು. "ತ್ರೀಡಿ ತಗದಬಿಡ್ರಿ, ರೊಕ್ಕ ಕೊಡ್ತೀವಿ" ಅಂತ ಗಂಡ. ಕೌಂಟರಿನ ಹುಡುಗ ತೆಗೆಯಲಿಲ್ಲ. ಅವರ ಡಾಕ್ಟರಿಗೆ ಫೋನ್ ಹಚ್ಚಿ, ಚೀಟಿಯ ಫೋಟೊ ವಾಟ್ಸಾಪಿಗೆ ತರಿಸಿಕೊಂಡ. ನೋಡಿದರೆ ಬೇಕಾಗಿದ್ದದ್ದು ಬರೀ ಓಪಿಜಿ. ಸುಮ್ನೆ ಇದ್ದಿದ್ದರೆ ಇವರಿಗೆ ಜಾಸ್ತಿ ದುಡ್ಡು ಬರುತ್ತಿತ್ತು.

ಈಗ ಬೈಗುಳ. ಮೊದಲನೆಯದು ಫೈಲ್. ಸಿಬಿಸಿಟಿ ಮಾಡಿಸಿದವರಿಗೆ ಇವರು ಮಿಂಚುವ ಹಾಳೆಯ ಮೇಲೆ ಒಂದಷ್ಟು ಚಿತ್ರ ಪ್ರಿಂಟ್ ಮಾಡಿ, ಚಂದದ ಕವರಿನಲ್ಲಿ ಹಾಕಿ ಕೊಡುತ್ತಾರೆ. ಅದು ನೋಡಲಿಕ್ಕೆ ಮಾತ್ರ. ಡಾಕ್ಟರಿಗೆ ಬೇಕಾದದ್ದು ಮೂಲ ಫೈಲ್, ಡೈಕಾಮ್ ಅನ್ನುತ್ತಾರೆ. ಅದಿದ್ದರೆ ಮಾತ್ರ ಅವರು ಬೇಕಾದ ಕಡೆ ಬಿಲ್ಲೆ ಮಾಡಿ, ಅಳತೆ ತೆಗೆದು ನೋಡಬಹುದು. ಅವ್ವನ ಸ್ಕ್ಯಾನಿಗೆ ಸಿಡಿ ಕೊಟ್ಟರು. ಸಿಡಿ! ಈಗ ಯಾರ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇದೆ? ಲಿಂಕ್ ಕಳಿಸಿ ಅಂದೆ. ಕಳಿಸಿದರು, ಗದಗದ ಡಾಕ್ಟರ್ ತೆರೆಯುವ ಹೊತ್ತಿಗೆ ಅದರ ಅವಧಿ ಮುಗಿದಿತ್ತು. ಮತ್ತೆ ಫೋನ್, ಮತ್ತೆ ಲಿಂಕ್. ಜೊತೆಗೆ ಕೊಡುವ ವ್ಯೂವರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಮೊಬೈಲಿನಲ್ಲಿ ಇಲ್ಲ. ವಾಟ್ಸಾಪಿನಲ್ಲಿ ಪ್ರಿಂಟಿನ ಫೋಟೊ ಕಳಿಸಿ ಡಾಕ್ಟರನ್ನು ಕೇಳುವವರೇ, ದಯವಿಟ್ಟು ಅವರ ಗೋಳು ಹೊಯ್ದುಕೊಳ್ಳಬೇಡಿ.

ಎರಡನೆಯದು ಲಿಫ್ಟ್. ಮಹಡಿ ಮೇಲಿನ ಸೆಂಟರ್, ನಾವು ಹೋದಾಗೆಲ್ಲ ಲಿಫ್ಟಿಗೆ 'ರಿಪೇರಿ' ಬೋರ್ಡ್. ಅವ್ವ ಮೆಟ್ಟಿಲ ಮೇಲೆ ಕೂತು ಕೂತು ಹತ್ತಿದಳು. ಹಲ್ಲು ನೋಯುವ ವಯಸ್ಸಾದವರೇ ಬರುವ ಜಾಗ ಇದು. ಮೂರನೆಯದು ಸಂಜೆಯ ಗದ್ದಲ. ಕ್ಲಿನಿಕ್‌ಗಳು ಸಂಜೆ ತೆರೆಯುತ್ತವೆ, ಚೀಟಿಗಳೆಲ್ಲ ಒಟ್ಟಿಗೆ ಇಲ್ಲಿಗೆ ಬರುತ್ತವೆ. ಬೆಳಿಗ್ಗೆ ಹೋದರೆ ಕೂತ ಕುರ್ಚಿ ಬಿಸಿ ಆಗುವುದರೊಳಗೆ ಕರೆಯುತ್ತಾರೆ.

ರಿಪೋರ್ಟ್ ಬರೆಯುವವರು ಹಲ್ಲಿನ ರೇಡಿಯಾಲಜಿ ಓದಿದ ಡಾಕ್ಟರ್. ಮರುದಿನ ಬರುತ್ತದೆ, ಇಂಗ್ಲಿಷಿನಲ್ಲಿ. ಕೇಳಿದ ಹಲ್ಲನ್ನಷ್ಟೇ ಬರೆದು ಬಿಡುವುದಿಲ್ಲ, ಚಿತ್ರದೊಳಗೆ ಬಂದದ್ದನ್ನೆಲ್ಲ ನೋಡಿ ಬರೆಯುತ್ತಾರೆ. ಅವ್ವನ ರಿಪೋರ್ಟಿನಲ್ಲಿ ಪಕ್ಕದ ಹಲ್ಲಿನ ಮೂಳೆ ಕುಗ್ಗಿದ್ದೂ ಇತ್ತು, ಅದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಎರಡು ಸಾಲು ಕನ್ನಡದಲ್ಲಿ ಬರೆದರೆ ಇವರದ್ದೇನು ಗಂಟು ಹೋಗುತ್ತದೋ.

ರೇಟು ಹುಬ್ಬಳ್ಳಿಯ ಮಟ್ಟಿಗೆ ಎಲ್ಲರದ್ದೂ ಹೆಚ್ಚು ಕಡಿಮೆ ಅಷ್ಟೇ. ಓಪಿಜಿ ಸಾವಿರದೊಳಗೆ ಆಗುತ್ತದೆ, ಸಿಬಿಸಿಟಿ ಅದಕ್ಕಿಂತ ಕೆಲವು ಪಟ್ಟು. ಸಣ್ಣ ಫೀಲ್ಡಿಗೆ ಕಡಿಮೆ ತೆಗೆದುಕೊಂಡರು, ಅದು ನ್ಯಾಯ. ದುಡ್ಡಿನ ಅಡಚಣೆ ಇದ್ದವರು ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲೂ ವಿಚಾರಿಸಿ, ಚಿಗರಿ ಬಸ್ಸಿನಲ್ಲೇ ಹೋಗಬಹುದು. ಕಾಲೇಜು ಅಂದಮೇಲೆ ಒಂದಿಷ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ತಯಾರಾಗಿ ಹೋಗಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಲಿಫ್ಟಿಗೂ ಲಿಂಕಿಗೂ ಸೇರಿಸಿ. ಹೋಗುವವರು ನಿಮ್ಮ ಡಾಕ್ಟರಿಗೆ ಏನು ಹುಡುಕಬೇಕು ಅಂತ ಚೀಟಿಯಲ್ಲಿ ಬಿಡಿಸಿ ಬರೆಯಲು ಹೇಳಿ, ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ, ಬಂಗಾರ ಮನೆಯಲ್ಲೇ ಬಿಡಿ. ಒಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಮೂಲ ಫೈಲ್ ಅದರಲ್ಲಿ ಹಾಕಿಸಿಕೊಂಡು, ಅವರ ಕಂಪ್ಯೂಟರಿನಲ್ಲೇ ಒಂದು ಸಲ ತೆರೆದು ನೋಡಿ, ಆಮೇಲೆ ಫೋನ್‌ಪೇ ಮಾಡಿ.